ಟೈಟಾನಿಯಂಗೆ ಯಾವ ಕೋಟಿಂಗ್ ಹೊಡೆಸಬೇಕು? ಶೆಡ್‌ನಲ್ಲೇ ಮಾಡಬಹುದಾದದ್ದು, ಹೊರಗೆ ಕೊಡಬೇಕಾದದ್ದು

"ಟೈಟಾನಿಯಂಗೂ ತುಕ್ಕು ಹಿಡಿಯುತ್ತಾ?" ಬಳ್ಳಾರಿ, ತೋರಣಗಲ್ಲು, ಗಿಣಿಗೇರಾ, ರಾಯಚೂರು ಕಡೆಯ ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ಅವರಲ್ಲಿ ಕೆಮಿಕಲ್ ಕಾರ್ಖಾನೆಯ ಮೇಂಟೆನೆನ್ಸ್‌ನವರಿದ್ದಾರೆ, ಸಣ್ಣ ಫ್ಯಾಬ್ರಿಕೇಷನ್ ಶೆಡ್ ನಡೆಸುವವರಿದ್ದಾರೆ, ಪ್ರಾಜೆಕ್ಟ್‌ಗೆ ವಿಷಯ ಹುಡುಕುವ ಡಿಪ್ಲೊಮಾ ಮತ್ತು ಬಿಇ ವಿದ್ಯಾರ್ಥಿಗಳೂ ಇದ್ದಾರೆ. ಅದರ ಹಿಂದೆಯೇ ಬರುವ ಪ್ರಶ್ನೆ: "ಯಾವ ಕೋಟಿಂಗ್ ಹೊಡೆಸಲಿ?"

ಕೋಟಿಂಗ್ ಮಾತು ಆಮೇಲೆ. ಟೈಟಾನಿಯಂ ಭಾಗ ಕೆಟ್ಟಿತು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಅನುಮಾನಪಡುವುದು ಮೂರರ ಮೇಲೆ. ಮೈಗೆ ಮೆತ್ತಿಕೊಂಡ ಕಬ್ಬಿಣ, ನೀರಲ್ಲೋ ಆಮ್ಲದಲ್ಲೋ ಸೇರಿಕೊಂಡ ಫ್ಲೋರೈಡ್, ಮತ್ತು ಕೆಲಸಕ್ಕೆ ಹೊಂದದ ಗ್ರೇಡ್ (ಟೈಟಾನಿಯಂನ ತಳಿ). ಈ ಮೂರನ್ನು ಸರಿ ಮಾಡದೆ ಮೇಲೆ ಏನು ಬಳಿದರೂ ದುಡ್ಡು ದಂಡ.

ಟೈಟಾನಿಯಂ ತನ್ನನ್ನು ತಾನೇ ಹೇಗೆ ಕಾಯುತ್ತದೆ

ಟೈಟಾನಿಯಂ ಗಾಳಿಗೆ ಒಡ್ಡಿದ ಕ್ಷಣವೇ ಅದರ ಮೇಲೆ ಟೈಟಾನಿಯಂ ಡೈಆಕ್ಸೈಡ್‌ನ ತೆಳು ಪದರ ಕಟ್ಟುತ್ತದೆ. ದಪ್ಪ ಬರೀ ಕೆಲವು ನ್ಯಾನೋಮೀಟರ್. ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇದಕ್ಕೆ ಪ್ಯಾಸಿವ್ ಪದರ ಎನ್ನುತ್ತಾರೆ, ಅಂದರೆ ಒಳಗಿನ ಲೋಹ ಹೊರಗಿನದರ ಜೊತೆ ಸೇರದಂತೆ ತಡೆಯುವ ಪೊರೆ. ಗೀಚಿದರೂ ಮತ್ತೆ ಬೆಳೆಯುತ್ತದೆ, ಆದರೆ ಬೆಳೆಯಲು ಸುತ್ತ ಚೂರು ನೀರು ಅಥವಾ ಆಮ್ಲಜನಕ ಇರಬೇಕು. ಅದಕ್ಕೇ ತೇವ ಇರುವ ಕ್ಲೋರಿನ್‌ನಲ್ಲಿ ಟೈಟಾನಿಯಂ ಆರಾಮಾಗಿ ಇರುತ್ತದೆ, ಪೂರ್ತಿ ಒಣಗಿದ ಕ್ಲೋರಿನ್ ಅನಿಲದಲ್ಲಿ ಬೆಂಕಿಯೇ ಹತ್ತಬಹುದು.

ಮೇಲ್ಮೈ ಚಿಕಿತ್ಸೆ ಎನ್ನುವುದೆಲ್ಲ ಒಟ್ಟಿನಲ್ಲಿ ಈ ಪದರವನ್ನು ಸ್ವಚ್ಛ ಮಾಡುವುದು, ದಪ್ಪ ಮಾಡುವುದು, ಇಲ್ಲವೇ ಅದರ ಮೇಲೆ ಇನ್ನೊಂದನ್ನು ಕೂರಿಸುವುದು.

ಏನೇನು ಬೇಕು

ಶೆಡ್‌ನಲ್ಲೇ ಮಾಡುವ ಕೆಲಸಕ್ಕೆ: ನೈಲಾನ್ ಬ್ರಷ್, ಟೈಟಾನಿಯಂಗೆ ಮಾತ್ರ ಮೀಸಲಿಟ್ಟ ಹೊಸ ಸ್ಟೇನ್‌ಲೆಸ್ ಬ್ರಷ್, ಸಿಲಿಕಾನ್ ಕಾರ್ಬೈಡ್ ಎಮರಿ ಪೇಪರ್, ಅಸಿಟೋನ್, ಡಿಸ್ಟಿಲ್ಡ್ ವಾಟರ್, ಪ್ಲಾಸ್ಟಿಕ್ ಟಬ್, ಟೈಟಾನಿಯಂ ತಂತಿ, ಡಿಸಿ ಪವರ್ ಸಪ್ಲೈ, ಟ್ರೈಸೋಡಿಯಂ ಫಾಸ್ಫೇಟ್. ಕೊನೆಯದು ಬಾಯ್ಲರ್ ನೀರಿಗೆ ಹಾಕುವ ಕೆಮಿಕಲ್, ಅದನ್ನು ಮಾರುವವರ ಹತ್ತಿರ ಸಿಗುತ್ತದೆ. ಡಿಸ್ಟಿಲ್ಡ್ ವಾಟರ್ ಅಂದರೆ ಬ್ಯಾಟರಿಗೆ ಹಾಕುವ ನೀರು. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಇರುತ್ತದೆ, ಕ್ಯಾನ್ ಮೇಲಿನ ಚೀಟಿ ಓದಿಯೇ ತನ್ನಿ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಕಡ್ಡಾಯ.

ಹಂತ 1: ನಿಮ್ಮ ಟೈಟಾನಿಯಂ ಯಾವುದು, ಅದು ಯಾವುದರಲ್ಲಿ ಮುಳುಗಿರುತ್ತದೆ?

ಗ್ರೇಡ್ 1, 2 ಅಂದರೆ ಹೆಚ್ಚುಕಡಿಮೆ ಶುದ್ಧ ಟೈಟಾನಿಯಂ. ಹೀಟ್ ಎಕ್ಸ್‌ಚೇಂಜರ್, ಪೈಪು, ಟ್ಯಾಂಕುಗಳಲ್ಲಿ ಬಳಸುವುದು ಹೆಚ್ಚಾಗಿ ಗ್ರೇಡ್ 2. ಗ್ರೇಡ್ 5ರಲ್ಲಿ 6% ಅಲ್ಯೂಮಿನಿಯಂ, 4% ವೆನೇಡಿಯಂ ಇರುತ್ತದೆ. ಗಟ್ಟಿ ಜಾಸ್ತಿ, ಆದರೆ ಗಟ್ಟಿ ಇದೆ ಎಂದ ಮಾತ್ರಕ್ಕೆ ಆಮ್ಲವನ್ನೂ ಜಾಸ್ತಿ ತಡೆಯುತ್ತದೆ ಎಂದುಕೊಳ್ಳಬೇಡಿ. ಗ್ರೇಡ್ 7ರಲ್ಲಿ 0.12ರಿಂದ 0.25% ಪಲ್ಲಾಡಿಯಂ ಸೇರಿರುತ್ತದೆ. ಗ್ರೇಡ್ 12ರಲ್ಲಿ 0.3% ಮಾಲಿಬ್ಡಿನಂ, 0.8% ನಿಕ್ಕಲ್. ಕೊನೆಯ ಎರಡನ್ನು ತುಕ್ಕು ತಡೆಯಲೆಂದೇ ಮಾಡಿರುವುದು. ಖರೀದಿಯ ಸರ್ಟಿಫಿಕೇಟ್ ಇಲ್ಲದಿದ್ದರೆ ಗ್ರೇಡ್ ಊಹಿಸಬೇಡಿ, ಮಿಶ್ರಲೋಹ ಗುರುತಿಸುವ ಎಕ್ಸ್‌ರೇ ಗನ್ ಇರುವ ಲ್ಯಾಬಿನಲ್ಲಿ ನೋಡಿಸಿ. ಅದರಲ್ಲೂ ಗ್ರೇಡ್ 1 ಮತ್ತು 2ರ ವ್ಯತ್ಯಾಸ ಗೊತ್ತಾಗುವುದಿಲ್ಲ, ಯಾಕೆಂದರೆ ಆ ವ್ಯತ್ಯಾಸ ಇರುವುದು ಆಮ್ಲಜನಕ ಮತ್ತು ಕಬ್ಬಿಣದ ಸಣ್ಣ ಪ್ರಮಾಣದಲ್ಲಿ.

ಈಗ ಎರಡನೇ ಅರ್ಧ. ಕೆಳಗಿನ ಯಾವುದರಲ್ಲಿ ನಿಮ್ಮ ಭಾಗ ಕೆಲಸ ಮಾಡುತ್ತದೆ?

ಸಮುದ್ರದ ನೀರು, ಉಪ್ಪುನೀರು, ತೇವದ ಕ್ಲೋರಿನ್, ಜೀನ್ಸ್ ವಾಷಿಂಗ್ ಘಟಕಗಳಲ್ಲಿ ಬಳಸುವಂಥ ಹೈಪೊಕ್ಲೋರೈಟ್ ಬ್ಲೀಚ್, ಸಾಮಾನ್ಯ ನೈಟ್ರಿಕ್ ಆಮ್ಲ: ಇಲ್ಲೆಲ್ಲ ಗ್ರೇಡ್ 2 ಬರಿಮೈಯಲ್ಲೇ ಚೆನ್ನಾಗಿ ಬಾಳುತ್ತದೆ. ಬಿಸಿ 70-80 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಕ್ಲೋರೈಡ್ ಇದೆ, ಗ್ಯಾಸ್ಕೆಟ್ ಸಂದಿಯೂ ಇದೆ ಎಂದಾಗ ಮಾತ್ರ ಚಿಂತೆ. ಆಗ ಕ್ರೆವಿಸ್ ಕೊರೋಷನ್ ಶುರುವಾಗಬಹುದು, ಅಂದರೆ ಸಂದಿಯೊಳಗೆ ಸಿಕ್ಕಿಕೊಂಡ ನೀರು ತಾನೇ ಆಮ್ಲವಾಗಿ ಲೋಹ ತಿನ್ನುವುದು.

ಬಿಸಿ ಹೈಡ್ರೋಕ್ಲೋರಿಕ್, ಬಿಸಿ ಸಲ್ಫ್ಯೂರಿಕ್ ಆಮ್ಲ: ಇವು ಪದರವನ್ನೇ ಕರಗಿಸುತ್ತವೆ. ಅನೊಡೈಸಿಂಗ್ (ವಿದ್ಯುತ್ ಹರಿಸಿ ಪದರ ದಪ್ಪ ಮಾಡುವುದು, ಹಂತ 5 ನೋಡಿ) ಮಾಡಿಸಿದರೆ ಸ್ವಲ್ಪ ದಿನ ತಳ್ಳಬಹುದು, ಅಷ್ಟೇ. ಇಲ್ಲಿ ಉತ್ತರ ಗ್ರೇಡ್ 7, ಅಥವಾ ಟೈಟಾನಿಯಂ ಬಿಟ್ಟು ಬೇರೆ ವಸ್ತು. ಒಂದು ಸ್ವಾರಸ್ಯ ಇದೆ: ಆಮ್ಲದಲ್ಲಿ ಫೆರಿಕ್ ಕಬ್ಬಿಣವೋ (ಫೆರಸ್‌ಗಿಂತ ಒಂದು ಎಲೆಕ್ಟ್ರಾನ್ ಕಡಿಮೆ ಇರುವ ರೂಪ) ತಾಮ್ರದ ಅಯಾನೋ ಸ್ವಲ್ಪ ಕರಗಿದ್ದರೂ ಟೈಟಾನಿಯಂ ಬಚಾವಾಗುತ್ತದೆ, ಅವು ಪದರ ಕಟ್ಟಲು ನೆರವಾಗುತ್ತವೆ. ಫೆರಸ್ ರೂಪದ ಕಬ್ಬಿಣ ಆ ಕೆಲಸ ಮಾಡುವುದಿಲ್ಲ. ಹಾಗಾಗಿ ಬಳಸಿದ ಆಮ್ಲದಲ್ಲಿ ಚೆನ್ನಾಗಿದ್ದ ಪಂಪು, ಟ್ಯಾಂಕಿಗೆ ಹೊಸ ಆಮ್ಲ ತುಂಬಿದ ಮೇಲೆ ಕೆಡಲು ಶುರುವಾದರೆ ಆಶ್ಚರ್ಯಪಡಬೇಡಿ.

ಹೈಡ್ರೋಫ್ಲೋರಿಕ್ ಆಮ್ಲ, ಅಥವಾ ಫ್ಲೋರೈಡ್ ಇರುವ ಯಾವುದೇ ಆಮ್ಲ: ಮರೆತುಬಿಡಿ. ಯಾವ ಆಕ್ಸೈಡ್ ಪದರವೂ ನಿಲ್ಲುವುದಿಲ್ಲ.

ಹೊಗೆಯಾಡುವ ಕೆಂಪು ನೈಟ್ರಿಕ್ ಆಮ್ಲದ ಹತ್ತಿರವಂತೂ ಟೈಟಾನಿಯಂ ತರಲೇಬೇಡಿ. ನೀರಿನಂಶ ಕಡಿಮೆ ಇದ್ದರೆ ಸ್ಫೋಟವಾಗುವ ಪುಡಿ ಮೇಲ್ಮೈಯಲ್ಲಿ ಕಟ್ಟುತ್ತದೆ.

ಹಂತ 2: ಕಬ್ಬಿಣದಿಂದ ದೂರ ಇಡಿ

ನಮ್ಮ ಊರುಗಳಲ್ಲಿ ಇದೇ ಕಷ್ಟದ ಹಂತ. ಒಂದೇ ಶೆಡ್‌ನಲ್ಲಿ ಆ ಕಡೆ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಕಬ್ಬಿಣ) ಆಂಗಲ್ ಕಟ್ ಮಾಡುತ್ತಿರುತ್ತಾರೆ, ಈ ಕಡೆ ಟೈಟಾನಿಯಂ ಹಾಳೆ ಒರಗಿಸಿರುತ್ತಾರೆ. ಗ್ರೈಂಡರ್ ಕಿಡಿ ಹಾರಿ ಬಂದು ಟೈಟಾನಿಯಂ ಮೈಗೆ ಅಂಟುತ್ತದೆ. ಆ ಕಬ್ಬಿಣದ ಕಣ ಉಪ್ಪುನೀರಲ್ಲಿ ಜಂಗು ಹಿಡಿಯುವಾಗ ಅದರ ಅಡಿಯಲ್ಲೇ ಪದರ ಹಾಳಾಗುತ್ತದೆ, ಬಿಸಿಯಿದ್ದರೆ ಅಲ್ಲಿಂದಲೇ ಹೈಡ್ರೋಜನ್ ಲೋಹದೊಳಗೆ ನುಗ್ಗುತ್ತದೆ. ಹೈಡ್ರೋಜನ್ ನುಗ್ಗಿದ ಟೈಟಾನಿಯಂನಲ್ಲಿ ಹೈಡ್ರೈಡ್ ಎಂಬ ಪೆಡಸು ಎಳೆಗಳು ಹುಟ್ಟುತ್ತವೆ. ನೋಡಲು ಏನೂ ಆಗಿರುವುದಿಲ್ಲ, ಬಗ್ಗಿಸಿದರೆ ಪಟ್ ಎಂದು ಮುರಿಯುತ್ತದೆ.

ಆದ್ದರಿಂದ ಟೈಟಾನಿಯಂಗೆ ಬೇರೆ ಮೂಲೆ, ಬೇರೆ ಮೇಜು, ಬೇರೆ ಗ್ರೈಂಡಿಂಗ್ ಚಕ್ರ. ಎಂಎಸ್ ಉಜ್ಜಿದ ಚಕ್ರ, ವೈರ್ ಬ್ರಷ್, ಸ್ಟೀಲ್ ಉಲ್ಲನ್ ಇಲ್ಲಿ ಮುಟ್ಟಿಸಬಾರದು. ಮೇಜಿನ ಮೇಲೆ ರಬ್ಬರ್ ಅಥವಾ ಪ್ಲೈವುಡ್ ಹಾಸಿ. ಅದಿರು ಲಾರಿ ಓಡಾಡುವ ರಸ್ತೆಯ ಪಕ್ಕದ ಶೆಡ್ ಆದರೆ ಹೊದಿಸಿಡಿ. ಕೆಂಪು ಧೂಳು ಕಿಡಿಯಷ್ಟು ಕೆಟ್ಟದ್ದಲ್ಲ, ಅದು ಆಗಲೇ ಆಕ್ಸೈಡ್ ಆಗಿರುವ ಕಬ್ಬಿಣ. ಆದರೂ ಧೂಳಿನ ಮೇಲೆ ಅನೊಡೈಸಿಂಗ್ ಮಾಡಿದರೆ ಕಲೆ ಕಲೆಯಾಗಿ ಬರುತ್ತದೆ.

ಕಬ್ಬಿಣ ಅಂಟಿದೆಯಾ ಎಂದು ನೋಡಲು ಸುಲಭದ ದಾರಿ ಇದೆ. ಭಾಗವನ್ನು ಡಿಸ್ಟಿಲ್ಡ್ ನೀರಿನಿಂದ ಒದ್ದೆ ಮಾಡಿ, ಒಣಗಲು ಬಿಡಿ, ಒಂದು ದಿನ ಹೀಗೇ ಮತ್ತೆ ಮತ್ತೆ ಮಾಡಿ. ಕಂದು ಚುಕ್ಕೆ ಬಂದರೆ ಕಬ್ಬಿಣ ಇದೆ. ಬೇಗ ಗೊತ್ತಾಗಬೇಕಾದರೆ ಫೆರಾಕ್ಸಿಲ್ ಪರೀಕ್ಷೆ. ಪೊಟ್ಯಾಸಿಯಂ ಫೆರಿಸಯನೈಡ್‌ಗೆ ನೈಟ್ರಿಕ್ ಆಮ್ಲದ ತೆಳು ದ್ರಾವಣ ಸೇರಿಸಿ ಹಚ್ಚಿದರೆ ಕಬ್ಬಿಣ ಇರುವಲ್ಲಿ ನೀಲಿ ಚುಕ್ಕೆ ಏಳುತ್ತದೆ. ಇದನ್ನು ಲ್ಯಾಬಿನವರಿಗೇ ಬಿಡಿ.

ಹಂತ 3: ತೊಳೆಯುವುದು, ಅದರಲ್ಲೂ ಯಾವ ನೀರಿನಲ್ಲಿ

ಮೊದಲು ಎಣ್ಣೆ, ಗ್ರೀಸ್ ತೆಗೆಯಿರಿ. ಬೆಚ್ಚಗಿನ ಸೋಪುನೀರು, ಆಮೇಲೆ ಅಸಿಟೋನ್. ಮೆಥನಾಲ್ ಬೇಡ. ನೀರಿಲ್ಲದ ಮೆಥನಾಲ್‌ನಲ್ಲಿ ಟೈಟಾನಿಯಂ ಸೀಳುತ್ತದೆ, ಇದು ಚೆನ್ನಾಗಿ ಗೊತ್ತಿರುವ ಸಂಗತಿ. ಟ್ರೈಕ್ಲೋರೋಎಥಿಲೀನ್ ಥರದ ಕ್ಲೋರಿನ್ ಇರುವ ದ್ರಾವಕವೂ ಬೇಡ.

ಇನ್ನು ನೀರು. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಎಂಬುದು ನಿಮಗೆ ಹೊಸದಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನದಂಡ ಹೇಳುವ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿ ಇಲ್ಲದಿದ್ದರೆ 1.5. ಬರೀ ಬೋರ್ ನೀರು ತಾಕಿದರೆ ಟೈಟಾನಿಯಂಗೆ ಏನೂ ಆಗುವುದಿಲ್ಲ, ಹೆದರಬೇಡಿ. ತೊಂದರೆ ಆಗುವುದು ಆ ನೀರಲ್ಲೇ ಆಮ್ಲದ ದ್ರಾವಣ ಮಾಡಿದಾಗ, ಇಲ್ಲವೇ ಅದು ಮೈಮೇಲೆ ಆರಿ, ಉಪ್ಪಿನ ಬಿಳಿ ಕಲೆ ಉಳಿದು, ಆಮೇಲೆ ಬಿಸಿ ತಾಗಿದಾಗ. ಆಮ್ಲದ ಜೊತೆ ಸೇರಿದ ಫ್ಲೋರೈಡ್ ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ, ಅದು ಸ್ವಲ್ಪವೇ ಇದ್ದರೂ ಪದರಕ್ಕೆ ವೈರಿ. ಹಾಗಾಗಿ ದ್ರಾವಣ ಮಾಡಲು ಮತ್ತು ಕೊನೆಯ ತೊಳೆತಕ್ಕೆ ಡಿಸ್ಟಿಲ್ಡ್ ನೀರೇ ಆಗಬೇಕು. ಮೊದಮೊದಲ ತೊಳೆತಕ್ಕೆ ನಲ್ಲಿ ನೀರು ನಡೆಯುತ್ತದೆ.

ಚೊಕ್ಕ ಆಯಿತಾ ಎಂದು ತಿಳಿಯಲು ನೀರು ಸುರಿದು ನೋಡಿ. ನೀರು ಹಾಳೆಯಂತೆ ಒಂದೇ ಸಮ ಹರಡಿಕೊಂಡರೆ ಸರಿ, ಹನಿ ಹನಿಯಾಗಿ ಒಡೆದರೆ ಎಣ್ಣೆ ಇನ್ನೂ ಇದೆ. ಇದಾದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಲ್ಲಿ ಕೈ ಬೆವರದೆ ಇರುತ್ತದಾ? ಆ ಬೆವರಿನ ಉಪ್ಪು ಉಳಿದ ಭಾಗವನ್ನು 260-290 ಡಿಗ್ರಿ ಮೇಲೆ ಕಾಯಿಸಿದರೆ, ಎಳೆತ ಇರುವ ಕಡೆ ಕೆಲವು ಮಿಶ್ರಲೋಹಗಳು ಬಿರುಕು ಬಿಡುತ್ತವೆ.

ಹಂತ 4: ಪಿಕ್ಲಿಂಗ್ (ಇದನ್ನು ನೀವು ಮಾಡಬೇಡಿ, ಮಾಡಿಸಿ)

ಪಿಕ್ಲಿಂಗ್ ಅಂದರೆ ಮೇಲಿನ ಕೆಟ್ಟ ಪದರವನ್ನು ಆಮ್ಲದಲ್ಲಿ ಕರಗಿಸಿ ತೆಗೆಯುವುದು. ವೆಲ್ಡಿಂಗ್‌ನಲ್ಲೋ ಫರ್ನೇಸ್‌ನಲ್ಲೋ ತುಂಬಾ ಕಾದ ಟೈಟಾನಿಯಂ ಮೇಲೆ ಆಮ್ಲಜನಕ ಹೀರಿಕೊಂಡ ಪೆಡಸು ಸಿಪ್ಪೆ ಇರುತ್ತದೆ, ಅದಕ್ಕೆ ಆಲ್ಫಾ ಕೇಸ್ ಎನ್ನುತ್ತಾರೆ. ಅದನ್ನು ತೆಗೆಯಲು ನೈಟ್ರಿಕ್ ಮತ್ತು ಹೈಡ್ರೋಫ್ಲೋರಿಕ್ ಆಮ್ಲದ ಮಿಶ್ರಣ ಬೇಕು.

ಹೈಡ್ರೋಫ್ಲೋರಿಕ್ ಆಮ್ಲ ಬೇರೆ ಆಮ್ಲಗಳಂತಲ್ಲ. ತೆಳುವಾಗಿದ್ದರೆ ತಾಕಿದ ತಕ್ಷಣ ಉರಿಯುವುದೂ ಇಲ್ಲ, ಗಂಟೆಗಳ ನಂತರ ನೋವು ಶುರುವಾಗುತ್ತದೆ. ಅಷ್ಟರಲ್ಲಿ ಅದು ಚರ್ಮ ದಾಟಿ ಒಳಗೆ ಹೋಗಿ ದೇಹದ ಕ್ಯಾಲ್ಸಿಯಂ ಎಳೆದುಕೊಂಡಿರುತ್ತದೆ. ಹೃದಯವೇ ನಿಲ್ಲಬಹುದು. 2.5% ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್, ಧಾರಾಳ ನೀರು, ತರಬೇತಿ ಪಡೆದ ಜನ, ಗಾಳಿ ಎಳೆಯುವ ವ್ಯವಸ್ಥೆ ಇಲ್ಲದ ಕಡೆ ಈ ಬಾಟಲಿ ತೆರೆಯಲೇಬಾರದು. ಕಾಲೇಜು ಹುಡುಗರು ವಿಡಿಯೋ ನೋಡಿ ಹಾಸ್ಟೆಲ್‌ನಲ್ಲಿ ಮಾಡುವ ಕೆಲಸ ಇದಲ್ಲ.

ಹೊರಗೆ ಕೊಟ್ಟಾಗ ಗುತ್ತಿಗೆದಾರರಿಗೆ ಕೇಳಬೇಕಾದದ್ದು ಇಷ್ಟು. ನೈಟ್ರಿಕ್, ಹೈಡ್ರೋಫ್ಲೋರಿಕ್ ಪ್ರಮಾಣ ಎಷ್ಟಿಟ್ಟಿದ್ದೀರಿ? ಹತ್ತಕ್ಕೆ ಒಂದರ ಆಸುಪಾಸು ಇರಬೇಕು, ನೈಟ್ರಿಕ್ ಕಡಿಮೆಯಾದರೆ ಹೈಡ್ರೋಜನ್ ಲೋಹದೊಳಗೆ ಹೋಗುತ್ತದೆ. ಮುಗಿದ ಮೇಲೆ ಹೈಡ್ರೋಜನ್ ಪರೀಕ್ಷೆ ಮಾಡಿಸುತ್ತೀರಾ? ಗ್ರೇಡ್ 2 ಮತ್ತು 5ಕ್ಕೆ ಹಾಳೆಯ ಮಾನದಂಡದ ಮಿತಿ 0.015%. ಎಎಸ್‌ಟಿಎಂ ಬಿ600 ಎಂಬ ಮಾರ್ಗಸೂಚಿ ಟೈಟಾನಿಯಂ ಶುಚಿ ಮಾಡುವುದಕ್ಕೆಂದೇ ಇದೆ, ಅದರ ಹೆಸರು ಹೇಳಿದಾಗ ಗುತ್ತಿಗೆದಾರರು ಮಿಕಿಮಿಕಿ ನೋಡಿದರೆ ಬೇರೆಯವರನ್ನು ಹುಡುಕಿ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಟೈಟಾನಿಯಂ ತಯಾರಿಸುವ ಮಿಧಾನಿ ಇರುವ ಊರಾದ್ದರಿಂದ ಈ ಲೋಹದ ಕೆಲಸ ಬಲ್ಲವರನ್ನು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಆಲ್ಫಾ ಕೇಸ್ ಇಲ್ಲದಿದ್ದರೆ, ಬರೀ ಹೊಸ ಹಾಳೆಯೋ ಮಷೀನ್ ಮಾಡಿದ ಭಾಗವೋ ಆದರೆ, ಪಿಕ್ಲಿಂಗ್ ಬಿಟ್ಟು ನೇರ ಮುಂದಿನ ಹಂತಕ್ಕೆ ಹೋಗಿ.

ಹಂತ 5: ಅನೊಡೈಸಿಂಗ್

ವಿದ್ಯುತ್ ಹರಿಸಿ ಆಕ್ಸೈಡ್ ಪದರವನ್ನು ದಪ್ಪ ಮಾಡುವುದಕ್ಕೆ ಅನೊಡೈಸಿಂಗ್ ಎನ್ನುತ್ತಾರೆ. ಪ್ರತಿ ವೋಲ್ಟಿಗೆ ಸುಮಾರು 2 ನ್ಯಾನೋಮೀಟರ್ ಪದರ ಬೆಳೆಯುತ್ತದೆ. ಅಂದರೆ ಕಾಲೇಜು ಲ್ಯಾಬಿನ 30 ವೋಲ್ಟ್ ಸಪ್ಲೈ ಇಟ್ಟುಕೊಂಡರೂ ತಾನಾಗಿ ಬರುವ ಪದರಕ್ಕಿಂತ ಹತ್ತು ಪಟ್ಟು ಮೀರಿ ದಪ್ಪ ಸಿಗುತ್ತದೆ.

1. ಪ್ಲಾಸ್ಟಿಕ್ ಟಬ್‌ನಲ್ಲಿ ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 50 ಗ್ರಾಂನಷ್ಟು ಟ್ರೈಸೋಡಿಯಂ ಫಾಸ್ಫೇಟ್ ಕರಗಿಸಿ. ಇದು ಕ್ಷಾರ, ಕಣ್ಣಿಗೆ ಸಿಡಿದರೆ ಕಷ್ಟ. ಇದರ ಬದಲು ಉಪ್ಪು ಹಾಕುವ ಬುದ್ಧಿವಂತಿಕೆ ಬೇಡ. ಕ್ಲೋರೈಡ್ ಇದ್ದರೆ ಪದರದ ಬದಲು ಗುಳಿ ಬೀಳಬಹುದು, ಕ್ಲೋರಿನ್ ಅನಿಲವೂ ಏಳುತ್ತದೆ.

2. ಭಾಗವನ್ನು ಟೈಟಾನಿಯಂ ತಂತಿಯಲ್ಲಿ ಬಿಗಿಯಾಗಿ ಕಟ್ಟಿ ಪ್ಲಸ್‌ಗೆ ಜೋಡಿಸಿ. ತಾಮ್ರದ ತಂತಿ ದ್ರಾವಣದೊಳಗೆ ಇಳಿಯಬಾರದು, ಇಳಿದರೆ ಕರೆಂಟೆಲ್ಲ ಅದೇ ನುಂಗಿ ತಾನೂ ಕರಗುತ್ತದೆ. ಬಣ್ಣವೇ ಬರಲಿಲ್ಲ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನು.

3. ಮೈನಸ್‌ಗೆ ಸ್ಟೇನ್‌ಲೆಸ್ ಅಥವಾ ಟೈಟಾನಿಯಂ ಪಟ್ಟಿ. ಎರಡೂ ಒಂದಕ್ಕೊಂದು ತಾಗಬಾರದು. ಪ್ಲಸ್-ಮೈನಸ್ ಅದಲುಬದಲಾದರೆ ನಿಮ್ಮ ಭಾಗಕ್ಕೇ ಹೈಡ್ರೋಜನ್ ತುಂಬಿಸಿದಂತೆ, ಎರಡು ಸಲ ನೋಡಿ.

4. ವೋಲ್ಟೇಜನ್ನು ಸೊನ್ನೆಯಿಂದ ನಿಧಾನ ಏರಿಸಿ. ಕರೆಂಟ್ ಮೊದಲು ಏರಿ, ಪದರ ಕಟ್ಟಿದಂತೆ ತಾನೇ ಇಳಿಯುತ್ತದೆ. ಇಳಿದು ನಿಂತರೆ ಆ ವೋಲ್ಟೇಜಿನ ಪದರ ಪೂರ್ತಿ ಆಯಿತು. ಇಳಿಯದೆ ಹಾಗೇ ಹರಿಯುತ್ತಿದ್ದರೆ ತಂತಿ ತಾಗಿದೆಯೋ, ಕಬ್ಬಿಣ ಅಂಟಿದೆಯೋ ನೋಡಿ.

5. ಸಪ್ಲೈ ಆಫ್ ಮಾಡಿಯೇ ಕೈ ಹಾಕಿ. 60 ವೋಲ್ಟ್ ಮೇಲಿನ ಡಿಸಿ ಒದ್ದೆ ಕೈಗೆ ಜೀವಾಪಾಯ. ಮೈನಸ್ ಕಡೆ ಹೈಡ್ರೋಜನ್ ಗುಳ್ಳೆ ಏಳುತ್ತದೆ, ಹತ್ತಿರ ವೆಲ್ಡಿಂಗ್, ಬೀಡಿ ಯಾವುದೂ ಇರಬಾರದು.

6. ಡಿಸ್ಟಿಲ್ಡ್ ನೀರಲ್ಲಿ ತೊಳೆದು ಗಾಳಿಯಲ್ಲಿ ಒಣಗಿಸಿ.

ಬಣ್ಣ ಹೇಗೆ ಬರುತ್ತದೆ? ಇದರಲ್ಲಿ ಡೈ ಇಲ್ಲ. ಪದರದ ದಪ್ಪಕ್ಕೆ ತಕ್ಕಂತೆ ಬೆಳಕು ಪ್ರತಿಫಲಿಸಿ ಬಣ್ಣ ಕಾಣುತ್ತದೆ. 10-15 ವೋಲ್ಟ್‌ಗೆ ಕಂದು ಛಾಯೆಯ ಬಂಗಾರ, 20ರ ಆಸುಪಾಸು ನೇರಳೆ, 30ಕ್ಕೆ ನೀಲಿ, 55-60ಕ್ಕೆ ಹಳದಿ, 70ರ ಮೇಲೆ ಗುಲಾಬಿ-ನೇರಳೆ, 90 ದಾಟಿದರೆ ಹಸಿರು. ಗ್ರೇಡ್ ಮತ್ತು ಪಾಲಿಶ್ ಮೇಲೆ ಸ್ವಲ್ಪ ಆಚೀಚೆ ಆಗುತ್ತದೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ವೆಲ್ಡಿಂಗ್ ಪಕ್ಕ ಕಾಣುವ ನೀಲಿ ಬಣ್ಣವನ್ನೂ "ಅನೊಡೈಸಿಂಗ್ ಥರಾನೇ ಅಲ್ವಾ, ಒಳ್ಳೆಯದೇ" ಎನ್ನುವವರಿದ್ದಾರೆ. ಅಲ್ಲ. ಅದು ಬೆಸುಗೆಯನ್ನು ಗಾಳಿಯಿಂದ ಕಾಯುವ ಆರ್ಗಾನ್ ಅನಿಲ ಸಾಲದೆ ಬಿಸಿ ಲೋಹ ಗಾಳಿ ಕುಡಿದದ್ದರ ಗುರುತು. ಬೆಳ್ಳಿ ಬಣ್ಣ, ತಿಳಿ ಹುಲ್ಲಿನ ಬಣ್ಣ ಇದ್ದರೆ ಸರಿ. ನೀಲಿ ಇದ್ದರೆ ಅನುಮಾನ, ಬೂದು ಅಥವಾ ಬಿಳಿ ಪುಡಿ ಇದ್ದರೆ ಆ ಬೆಸುಗೆ ಕಿತ್ತು ಮತ್ತೆ ಹಾಕಬೇಕು.

ಅನೊಡೈಸಿಂಗ್‌ನಿಂದ ಎಷ್ಟು ಲಾಭ? ನನ್ನ ಪ್ರಕಾರ ಇದರ ದೊಡ್ಡ ಉಪಕಾರ ದಪ್ಪ ಪದರವಲ್ಲ, ಅಂಟಿಕೊಂಡ ಕಬ್ಬಿಣದ ಕಣ ಕಿತ್ತುಹೋಗುವುದು. ಅದಕ್ಕೆ ಕ್ಷಾರಕ್ಕಿಂತ ಅಮೋನಿಯಂ ಸಲ್ಫೇಟ್ ದ್ರಾವಣ ವಾಸಿ, ಕ್ಷಾರದಲ್ಲಿ ಕಬ್ಬಿಣ ಸುಲಭವಾಗಿ ಕರಗುವುದಿಲ್ಲ. ಹೈಡ್ರೋಜನ್ ನುಗ್ಗುವುದೂ ತಡವಾಗುತ್ತದೆ. ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ, ಚೂಪಾದದ್ದು ಗೀಚಿದರೆ ಪದರ ಹೋಗುತ್ತದೆ.

ಹಂತ 6: ಅದು ಸಾಲದಿದ್ದರೆ

ಬಿಸಿಯಲ್ಲಿ ಆಕ್ಸೈಡ್ ಬೆಳೆಸುವುದು ಒಂದು ದಾರಿ. ಫರ್ನೇಸ್‌ನಲ್ಲಿ ಗಾಳಿಯಲ್ಲೇ 600-650 ಡಿಗ್ರಿಗೆ ಗಂಟೆಗಟ್ಟಲೆ ಇಟ್ಟರೆ ರೂಟೈಲ್ ಎಂಬ ಹರಳಿನ ರೂಪದ ಗಟ್ಟಿ ಪದರ ಕೂರುತ್ತದೆ. ಆಮ್ಲ ತಡೆಯುವುದರಲ್ಲಿ ಅನೊಡೈಸಿಂಗ್‌ಗಿಂತ ಮೇಲು. ಆದರೆ ಅಡಿಯಲ್ಲಿ ಪೆಡಸು ಪದರವೂ ಬರುತ್ತದೆ, ಹಾಗಾಗಿ ಸದಾ ಅಲುಗಾಡುವ, ಬಾಗುವ ಶಾಫ್ಟ್-ಸ್ಪ್ರಿಂಗ್‌ಗೆ ಬೇಡ.

ಮೈಕ್ರೋ ಆರ್ಕ್ ಆಕ್ಸಿಡೇಷನ್ ಎಂದರೆ ದ್ರಾವಣದಲ್ಲಿ ನೂರಾರು ವೋಲ್ಟ್ ಕೊಟ್ಟು ಮೈಮೇಲೆ ಸಣ್ಣ ಕಿಡಿ ಹೊತ್ತಿಸಿ ಸೆರಾಮಿಕ್‌ನಂಥ ಪದರ ಕಟ್ಟುವುದು. ಹತ್ತಾರು ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ದಪ್ಪ ಬರುತ್ತದೆ, ಹೊರಮೈ ಮಾತ್ರ ರಂಧ್ರಮಯ. ಶೆಡ್‌ನಲ್ಲಿ ಪ್ರಯತ್ನಿಸಬೇಡಿ.

ಪಿವಿಡಿ ಎಂಬ ನಿರ್ವಾತ ಕೋಟಿಂಗ್‌ನಲ್ಲಿ ಕೂರಿಸುವ ಬಂಗಾರ ಬಣ್ಣದ ಟೈಟಾನಿಯಂ ನೈಟ್ರೈಡ್ ಉಜ್ಜಾಟಕ್ಕೆ ಚೆನ್ನ. ಸೂಜಿಮೊನೆಯಂಥ ತೂತು ಉಳಿಯುವುದರಿಂದ ಬರೀ ಆಮ್ಲದ ಸಲುವಾಗಿ ಅದಕ್ಕೆ ದುಡ್ಡು ಹಾಕಬೇಡಿ. ಸಂದಿ ತುಕ್ಕೇ ಸಮಸ್ಯೆಯಾದರೆ ಫ್ಲೇಂಜ್ ಮುಖಕ್ಕೆ ಮಾತ್ರ ಪಲ್ಲಾಡಿಯಂ ಇರುವ ಗ್ರೇಡ್ 7 ವೆಲ್ಡ್ ಪದರ ಹಾಕಿಸುವುದು ಪೂರ್ತಿ ಸಾಮಾನು ಬದಲಿಸುವುದಕ್ಕಿಂತ ಅಗ್ಗ.

ಹಂತ 7: ನಿಜವಾಗಿ ಉಪಯೋಗವಾಯಿತಾ?

ಸಾಲ್ಟ್ ಸ್ಪ್ರೇ ಪರೀಕ್ಷೆಯ ವರದಿ ತೋರಿಸಿ ಮಾರುವವರನ್ನು ನಂಬಬೇಡಿ. ಉಪ್ಪಿನ ತುಂತುರಲ್ಲಿ ಬರಿಮೈ ಟೈಟಾನಿಯಂ ಕೂಡ ಪಾಸಾಗುತ್ತದೆ, ಕೋಟಿಂಗ್‌ನ ಹೆಚ್ಚುಗಾರಿಕೆ ಏನು ಗೊತ್ತಾಯಿತು?

ಕೂಪನ್ ಪರೀಕ್ಷೆ ಮಾಡಿ. ಅದೇ ಹಾಳೆಯ ಸಣ್ಣ ತುಂಡುಗಳು, ಕೆಲವಕ್ಕೆ ಚಿಕಿತ್ಸೆ ಮಾಡಿದ್ದು, ಕೆಲವು ಬರಿಮೈ. ತೂಕ ಮಾಡಿ, ನಿಮ್ಮ ಪ್ಲಾಂಟಿನ ಅದೇ ದ್ರವದಲ್ಲಿ ಅದೇ ಬಿಸಿಯಲ್ಲಿ ಇಳಿಬಿಡಿ. ತೆಗೆದು ಮತ್ತೆ ತೂಗಿ. ಲೆಕ್ಕ ಹೀಗೆ: ಕಳೆದ ತೂಕವನ್ನು ಮಿಲಿಗ್ರಾಂನಲ್ಲಿ 87.6ರಿಂದ ಗುಣಿಸಿ. ಅದನ್ನು ಸಾಂದ್ರತೆ, ಚದರ ಸೆಂಟಿಮೀಟರ್ ವಿಸ್ತೀರ್ಣ, ಗಂಟೆ ಈ ಮೂರರ ಗುಣಲಬ್ಧದಿಂದ ಭಾಗಿಸಿ. ವರ್ಷಕ್ಕೆ ಎಷ್ಟು ಮಿಲಿಮೀಟರ್ ಸವೆಯುತ್ತದೆ ಎಂಬುದು ಸಿಗುತ್ತದೆ. ಗ್ರೇಡ್ 2ರ ಸಾಂದ್ರತೆ ಘನ ಸೆಂಟಿಮೀಟರಿಗೆ 4.51 ಗ್ರಾಂ. ಉದಾಹರಣೆಗೆ 20 ಚದರ ಸೆಂಟಿಮೀಟರ್ ತುಂಡು 500 ಗಂಟೆಯಲ್ಲಿ 5 ಮಿಲಿಗ್ರಾಂ ಕಳೆದುಕೊಂಡರೆ ವರ್ಷಕ್ಕೆ ಸುಮಾರು 0.01 ಮಿಲಿಮೀಟರ್, ಚಿಂತೆ ಇಲ್ಲ. 0.1 ದಾಟಿದರೆ ಯೋಚಿಸಿ.

ತೂಕ ಕಡಿಮೆಯಾಗದೆ ಏರಿದರೆ ಖುಷಿಪಡಬೇಡಿ, ಹೈಡ್ರೋಜನ್ ಹೀರಿಕೊಂಡಿರಬಹುದು. ತುಂಡನ್ನು ಬಗ್ಗಿಸಿ ನೋಡಿ, ಲ್ಯಾಬಿಗೂ ಕಳಿಸಿ. ಸಂದಿ ತುಕ್ಕಿನ ಭಯ ಇದ್ದರೆ ಎರಡು ತುಂಡುಗಳ ನಡುವೆ ಗ್ಯಾಸ್ಕೆಟ್ ಇಟ್ಟು ಬಿಗಿದೇ ಮುಳುಗಿಸಿ. ಬಿಡಿ ತುಂಡು ಆ ಕಥೆ ಹೇಳುವುದಿಲ್ಲ.

ಹಂತ 8: ಜೋಡಿಸುವಾಗ

ಇಷ್ಟೆಲ್ಲ ಮಾಡಿ ಕೊನೆಗೆ ದ್ರವ ತಾಗುವ ಕಡೆ ಜಿಐ (ಸತು ಲೇಪಿಸಿದ ಕಬ್ಬಿಣದ) ಬೋಲ್ಟ್ ಹಾಕುವವರಿದ್ದಾರೆ. ಸತು, ಅಲ್ಯೂಮಿನಿಯಂ, ಎಂಎಸ್ ಟೈಟಾನಿಯಂಗೆ ತಾಗಿ ಉಪ್ಪುನೀರಲ್ಲಿ ಇದ್ದರೆ ಮೊದಲು ಕರಗುವುದು ಅವೇ. ಆದರೆ ಬಿಸಿ 80 ಡಿಗ್ರಿ ದಾಟಿದ್ದರೆ ಟೈಟಾನಿಯಂ ಕಡೆ ಹೈಡ್ರೋಜನ್ ಹುಟ್ಟಿ ಅದೂ ಪೆಡಸಾಗುತ್ತದೆ. ಬೋಲ್ಟಿಗೆ ವಿದ್ಯುತ್ ಹರಿಸದ ಸ್ಲೀವ್, ವಾಷರ್ ಹಾಕಿ ಬೇರ್ಪಡಿಸಿ. ಬಿಸಿ ಉಪ್ಪುನೀರಿನ ಲೈನಿನಲ್ಲಿ ಟೆಫ್ಲಾನ್ ಗ್ಯಾಸ್ಕೆಟ್ ಸಂದಿ ತುಕ್ಕನ್ನು ಜಾಸ್ತಿ ಮಾಡುತ್ತದೆ, ಅಲ್ಲಿ ಬೇರೆ ಜಾತಿಯ ಗ್ಯಾಸ್ಕೆಟ್ ಕೇಳಿ.

ಶೆಡ್‌ನವರಿಗೆ ಒಂದು ಮಾತು ಬಾಕಿ ಇದೆ. ಟೈಟಾನಿಯಂ ಕಟ್ ಮಾಡಿದ ತೆಳು ಚೂರು, ಗ್ರೈಂಡಿಂಗ್ ಪುಡಿ ಬೆಂಕಿ ಹಿಡಿಯುತ್ತದೆ. ರಾಶಿ ಬಿಡಬೇಡಿ, ಎಂಎಸ್ ಕಿಡಿ ಬೀಳುವ ಕಡೆಯಂತೂ ಬೇಡವೇ ಬೇಡ. ಹೊತ್ತಿದರೆ ನೀರು ಹಾಕಬಾರದು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಕೆಲಸಕ್ಕೆ ಬರುವುದಿಲ್ಲ. ಪೂರ್ತಿ ಒಣಗಿದ ಮರಳು ಅಥವಾ ಲೋಹದ ಬೆಂಕಿಗೆಂದೇ ಸಿಗುವ ಡಿ ವರ್ಗದ ಪುಡಿ ಸುರಿದು ಮುಚ್ಚಿ. ಮರಳಿನ ಬಕೆಟ್ಟಿಗೆ ಮುಚ್ಚಳ ಇರಲಿ, ಮಳೆನೀರು ಕುಡಿದ ಮರಳು ಹಾಕಿದರೆ ಬೆಂಕಿ ಇನ್ನೂ ಜೋರಾಗುತ್ತದೆ.